ಬಾವುಟಕ್ಕಾಗಿ ಕಾದ ದೋಣಿಗಳು

ದೋಣಿಗಳನ್ನು ಸಾಲಾಗಿ ನಿಲ್ಲಿಸಿ ಎಂದರು. ನಿಲ್ಲಿಸಿದೆವು. ಮೂತಿಗಳು ಒಂದೇ ದಿಕ್ಕಿಗಿರಲಿ ಎಂದರು. ಅದೂ ಆಯಿತು. ಆಮೇಲೆ ಒಬ್ಬರು ಚೆಂಡುಹೂವಿನ ಮಾಲೆಗಳನ್ನು ತಂದು ಮೂರೂ ರಬ್ಬರ್ ದೋಣಿಗಳ ಮೂತಿಗೆ ಕಟ್ಟತೊಡಗಿದಾಗ ನನ್ನ ಪಿತ್ತ ನೆತ್ತಿಗೇರಿತು. ಹೊಳೆಯಾಚೆ ಜನ ಮೊಣಕಾಲು ನೀರಿನಲ್ಲಿ ನಿಂತು ನಮ್ಮತ್ತಲೇ ನೋಡುತ್ತಿದ್ದರು. ಈಚೆ ದಡದಲ್ಲಿ ಸೈನ್ಯದ ದೋಣಿಗಳು ಮದುವೆ ಕಾರಿನ ಹಾಗೆ ಸಿಂಗಾರ ಮಾಡಿಸಿಕೊಳ್ಳುತ್ತಿದ್ದವು.

ನಾನು ಸೈನ್ಯದ ಎಂಜಿನಿಯರ್ ದಳದಲ್ಲಿ ನಾಯಬ್ ಸುಬೇದಾರ್. ಊರು ಭಟ್ಕಳ ತಾಲ್ಲೂಕಿನ ಕಾಯ್ಕಿಣಿ. ಆ ಮಳೆಗಾಲ ನಮ್ಮ ತುಕಡಿಯನ್ನು ಮೊದಲು ಕುಮಟಾಕ್ಕೆ ಕಳಿಸಿದ್ದರು. ಅಲ್ಲಿ ರಸ್ತೆಗೆ ಅಡ್ಡ ಬಿದ್ದ ಮರಗಳನ್ನು ಕೊಯ್ದು, ಕೊಚ್ಚಿಹೋದ ಮೋರಿಯೊಂದಕ್ಕೆ ಮರಳುಚೀಲ ಪೇರಿಸಿ ಮುಗಿಸುವಷ್ಟರಲ್ಲಿ ಹೊನ್ನಾವರಕ್ಕೆ ಹೊರಡಿ ಎಂದು ಆಜ್ಞೆ ಬಂತು. ಮೇಲಿನ ಅಣೆಕಟ್ಟು ತುಂಬಿ ಗೇಟು ತೆರೆದಿದ್ದರು, ಶರಾವತಿ ಉಕ್ಕಿತ್ತು. ದೇಶದ ಯಾವ್ಯಾವುದೋ ಮೂಲೆಯಲ್ಲಿ ನೆರೆಯ ಕೆಲಸ ಮಾಡಿದ್ದೆ. ಮನೆಯಿಂದ ಒಂದು ಬಸ್ಸಿನ ದೂರದಲ್ಲಿ, ನನ್ನದೇ ಮಾತನ್ನು ಆಡುವ ಜನರ ನಡುವೆ, ಸಮವಸ್ತ್ರದಲ್ಲಿ ನಿಂತದ್ದು ಅದೇ ಮೊದಲು. ಬರುವಾಗ ಹೆಮ್ಮೆಯೇ ಇತ್ತು, ಸುಳ್ಳು ಹೇಳಲಾರೆ.

ಶರಾವತಿ ಸಮುದ್ರ ಸೇರುವ ಮುಂಚೆ ಅಗಲವಾಗಿ ಹರಡಿಕೊಳ್ಳುವಲ್ಲಿ ನಡುನಡುವೆ ನಡುಗಡ್ಡೆಗಳಿವೆ. ಕುರ್ವೆ ಎನ್ನುತ್ತಾರೆ. ನಮಗೆ ಒಪ್ಪಿಸಿದ ಕುರ್ವೆಯಲ್ಲಿ ತೆಂಗು, ಒಂದಿಷ್ಟು ಗದ್ದೆ, ಮೂವತ್ತರಷ್ಟು ಮನೆ. ಹನ್ನೊಂದು ಮನೆಗಳಲ್ಲಿ ದನ. ಗಂಡಸರು ಹೆಚ್ಚಿನವರು ಮಲ್ಪೆ, ಮಂಗಳೂರು ಕಡೆ ಮೀನಿನ ಬೋಟಿಗೆ ಹೋಗುವವರು. ಊರಲ್ಲಿ ಉಳಿದ ಹೆಂಗಸರು ದನ ಸಾಕಿ, ದಿನಾ ಬೆಳಿಗ್ಗೆ ಪಾತಿಯಲ್ಲಿ, ಅಂದರೆ ಸಣ್ಣ ಮರದ ದೋಣಿಯಲ್ಲಿ, ಹೊಳೆ ದಾಟಿ ಡೇರಿಗೆ ಹಾಲು ಹಾಕುತ್ತಾರೆ. ಆ ಹಾಲಿನಿಂದಲೇ ಅವರ ಮನೆ ನಡೆಯುವುದು.

ಈ ಹೊಳೆಯಲ್ಲಿ ಕೆಲಸ ಮಾಡುವವನಿಗೆ ಒಂದು ಸಂಗತಿ ತಿಳಿದಿರಬೇಕು. ಸಮುದ್ರದ ಭರತಿ ಏರುವಾಗ ಅದು ಹೊಳೆಯ ನೀರನ್ನು ಹಿಂದಕ್ಕೆ ಒತ್ತಿ ಹಿಡಿಯುತ್ತದೆ. ಮಟ್ಟ ಏರುತ್ತದೆ, ನೋಡಿದರೆ ಭಯವಾಗುತ್ತದೆ, ಆದರೆ ಓಟ ಸತ್ತುಹೋಗುತ್ತದೆ. ಸುಮಾರು ಒಂದು ತಾಸು ಹೊಳೆ ನಿಂತಂತೆ ಇರುತ್ತದೆ. ಇಳಿತ ಶುರುವಾಯಿತೋ, ತಡೆದಿಟ್ಟ ನೀರು, ಅಣೆಕಟ್ಟಿನ ನೀರು ಎಲ್ಲ ಒಟ್ಟಾಗಿ ಕಡಲಿಗೆ ನುಗ್ಗುತ್ತದೆ. ಕರಾವಳಿಯಲ್ಲಿ ಇದು ಯಾರಿಗೂ ಹೊಸದಲ್ಲ. ನಮ್ಮ ಕ್ಯಾಪ್ಟನ್ ಸಾಹೇಬರು ಮರಳುಗಾಡಿನ ಕಡೆಯವರು, ಆದರೂ ಹಿಂದಿನ ಸಂಜೆ ನಾನು ಹೇಳಿದಾಗ ಒಂದೇ ಸಲಕ್ಕೆ ಹಿಡಿದುಕೊಂಡರು. ಬೆಳಿಗ್ಗೆ ಏಳೂವರೆಗೆ ದೋಣಿ ನೀರಿಗೆ, ನೀರು ನಿಂತ ಹೊತ್ತಿನಲ್ಲೇ ಎರಡು ಸುತ್ತು, ಇಳಿತ ಬಿರುಸಾಗುವ ಮುಂಚೆ ಎಲ್ಲರೂ ಈಚೆ ದಡಕ್ಕೆ. ಇಷ್ಟು ನಮ್ಮ ಯೋಜನೆ.

ಏಳೂವರೆಗೆ ನಾವು ತಯಾರಿದ್ದೆವು. ದೋಣಿಗೆ ಗಾಳಿ ತುಂಬಿ, ಹಿಂದೆ ಸಿಕ್ಕಿಸುವ ಮೋಟಾರುಗಳನ್ನು ಓಡಿಸಿ ನೋಡಿ, ಹಗ್ಗ ಸುತ್ತಿಟ್ಟು, ತೇಲುಜಾಕೀಟು ಎಣಿಸಿ ಆಗಿತ್ತು. ಆಗ ಬಂತು ಸಂದೇಶ: ಗಣ್ಯರೊಬ್ಬರು ಬಂದು ಹಸಿರು ಬಾವುಟ ಬೀಸುತ್ತಾರೆ, ಅಲ್ಲಿಯವರೆಗೆ ದೋಣಿಗಳು ಕದಲಬಾರದು.

ನೆರೆ ಬಂದಾಗ ಸೈನ್ಯ ತನ್ನಷ್ಟಕ್ಕೆ ನುಗ್ಗುವಂತಿಲ್ಲ. ಜಿಲ್ಲೆಯ ಆಡಳಿತ ಕೇಳಬೇಕು, ನಮ್ಮ ಮೇಲಿನವರು ಒಪ್ಪಬೇಕು, ಬಂದ ಮೇಲೂ ಆಡಳಿತ ತೋರಿಸಿದ ಕಡೆ ಕೆಲಸ. ಅದು ಸರಿಯಾದ ನಿಯಮವೇ. ಬಂದೂಕು ಹಿಡಿಯುವವರು ಊರೊಳಗೆ ಹೇಳಿಕೇಳದೆ ಓಡಾಡಬಾರದು. ಆದರೆ ಆ ನಿಯಮದ ಬೆನ್ನಿಗೆ ಹತ್ತಿಕೊಂಡು ಇಂಥ ಬಾವುಟವೂ ಬರುತ್ತದೆ. ಕ್ಯಾಪ್ಟನ್ ಸಾಹೇಬರು ಫೋನಿನ ಮೇಲೆ ಫೋನು ಮಾಡಿದರು. ‘ಇನ್ನೈದು ನಿಮಿಷ, ಹತ್ತಿರ ಬಂದಿದ್ದಾರೆ’ ಎಂಬ ಉತ್ತರ ಮತ್ತೆ ಮತ್ತೆ ಬಂತು. ನಾನು ದೋಣಿ ಕಟ್ಟುವ ಜೆಟ್ಟಿಯ ಕಂಬವನ್ನು ನೋಡುತ್ತ ನಿಂತಿದ್ದೆ. ಭರತಿ ಏರಿ ಕಂಬದ ಮೇಲಿನ ಗುರುತು ಮುಟ್ಟಿತು, ನಿಂತಿತು, ತೆಂಗಿನ ಗರಿಯೊಂದು ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬಂತೆ ಒಂದೇ ಜಾಗದಲ್ಲಿ ತೇಲುತ್ತಿತ್ತು. ಆಮೇಲೆ ಅದು ಮೆಲ್ಲಗೆ ಕಡಲಿನತ್ತ ಹೊರಟಿತು.

ಹತ್ತು ಗಂಟೆ ದಾಟಿದ ಮೇಲೆ ಕಾರುಗಳು ಬಂದವು. ಕೊಡೆ, ತೆಂಗಿನಕಾಯಿ, ಭಾಷಣ. ಸೈನ್ಯ ಜನರ ಬೆನ್ನಿಗಿದೆ ಎಂದರು. ಮೋಟಾರು ಚಾಲು ಮಾಡಿ ಎಂದರು, ಬಾವುಟ ಬೀಸಿದರು. ಕ್ಯಾಮೆರಾದವನಿಗೆ ಸರಿಯಾಗಿ ಸಿಗಲಿಲ್ಲವಂತೆ. ಮೋಟಾರು ಬಂದ್ ಮಾಡಿಸಿ ಇನ್ನೊಂದು ಸಲ ಬೀಸಿದರು.

ನಾವು ಕುರ್ವೆಗೆ ಹೋದಾಗ ಹೊಳೆ ಆಗಲೇ ಬಿರುಸಾಗಿತ್ತು. ಮೂತಿಯನ್ನು ಓರೆಯಾಗಿ ಮೇಲ್ಮುಖ ಹಿಡಿದು, ನೀರು ನಮ್ಮನ್ನು ಕೆಳಕ್ಕೆ ಎಳೆಯುವಷ್ಟನ್ನು ಲೆಕ್ಕ ಹಿಡಿದು ದಾಟಬೇಕಿತ್ತು. ದಡದ ಬಳಿ ಮುಳುಗಿದ ಬೇಲಿಕಂಬಗಳು ಬೇರೆ. ಜನ ನಮ್ಮನ್ನು ಕಂಡು ಅತ್ತರು, ಕೈ ಹಿಡಿದರು. ಐವತ್ತರ ಆಸುಪಾಸಿನ ಒಬ್ಬ ಹೆಂಗಸು ನನ್ನ ಮಾತು ಕೇಳಿ, “ತಮಾ, ನೀ ಯಾವ ಬದಿಯಂವ?” ಎಂದಳು. ಕಾಯ್ಕಿಣಿ ಎಂದೆ. “ಅಯ್ಯ, ನಮ್ಮಂವನೇ ಆತಲ್ಲ!” ಎಂದು ಪಕ್ಕದವಳಿಗೆ ಕೂಗಿ ಹೇಳಿದಳು. ಅವಳ ಗಂಡ ಮಲ್ಪೆಯ ಬೋಟಿನಲ್ಲಿದ್ದ. ಮನೆಯಲ್ಲಿ ಅವಳು, ಮಗಳ ಮಗಳಾದ ಆರು ವರ್ಷದ ಹುಡುಗಿ, ಎರಡು ದನ. ಒಂದು ಇತ್ತೀಚೆಗೆ ಕರು ಹಾಕಿತ್ತು.

“ದನ ಹೆಂಗೆ ಸಾಗಿಸ್ತ್ರಿ?” ಎಂದು ಕೇಳಿದಳು.

ದೋಣಿಗೆ ಪ್ರಾಣಿ ಹತ್ತಿಸುವಂತಿಲ್ಲ ಎಂಬುದು ನಮಗಿದ್ದ ಆಜ್ಞೆ. ಬೆದರಿದ ದನ ಕೊಂಬು ಹಾಯಿಸಿದರೆ ರಬ್ಬರು ಹರಿಯುತ್ತದೆ, ಹತ್ತು ಜನ ನೀರಿಗೆ. ಹಾಗಂತ ಹೇಳಿದೆ. ಅವಳು ವಾದ ಮಾಡಲಿಲ್ಲ. “ದೋಣಿಲಿ ಬ್ಯಾಡ, ನೀರಲ್ಲೇ ಬತ್ತವೆ. ಆದ್ರೆ ಈ ಇಳಿತಕ್ಕೆ ಆಗೂದಿಲ್ಲ. ನೀವು ಭರತಿಗೆ ಬರೂದು ಬಿಟ್ಟು ಈಗ ಬಂದ್ರೆ ಎಂತ ಮಾಡೂದು?” ಎಂದಳು. ಕುರ್ವೆಯವರ ಪದ್ಧತಿಯನ್ನು ನಾನು ಆಗ ಕೇಳಿದೆ. ಕರುವನ್ನು ಪಾತಿಯಲ್ಲಿ ಕೂರಿಸಿ ಮುಂದೆ ಒಯ್ಯುತ್ತಾರೆ. ತಾಯಿ ಅದರ ಹಿಂದೆ ಈಜುತ್ತದೆ. ತಾಯಿಯ ಹಿಂದೆ ಉಳಿದ ದನಗಳು. ಹಗ್ಗ ಬೇಡ, ಹೊಡೆತ ಬೇಡ. ನೀರು ನಿಂತ ಹೊತ್ತಿನಲ್ಲಿ ಮಾತ್ರ, ಅದೂ ನೆರೆಯಿದ್ದರೆ ತೇಲಿಹೋಗುವುದನ್ನು ತಡೆಯಲು ಕೆಳಗಡೆ ಬೇರೆ ದೋಣಿ ಬೇಕು.

ದನವಿಲ್ಲದವರು, ಮುದುಕರು, ಮಕ್ಕಳು ಹೊರಟರು. ದನವಿದ್ದ ಹನ್ನೊಂದು ಮನೆಯವರು ಉಳಿಯುತ್ತೇವೆ ಎಂದರು. ಆ ಹೆಂಗಸು ಮೊಮ್ಮಗಳನ್ನು ದೋಣಿಯ ಹತ್ತಿರ ಬಿಟ್ಟು, ಹುಲ್ಲು ಎತ್ತರಕ್ಕೆ ಸಾಗಿಸಲು ಹಿಂದಕ್ಕೆ ಹೋದಳು. ನಾನು ತುಂಬಿದ ದೋಣಿಯೊಂದಿಗೆ ಹೊರಟು ನಡುಹೊಳೆಯಲ್ಲಿದ್ದೆ.

ಹುಡುಗಿ ಕರುವಿನ ಕುತ್ತಿಗೆ ತಬ್ಬಿಕೊಂಡು, ಇದು ಬಾರದೆ ತಾನೂ ಬರುವುದಿಲ್ಲ ಎಂದು ಅಳತೊಡಗಿದಳಂತೆ. ಎರಡನೆಯ ದೋಣಿಯ ಹವಾಲ್ದಾರ ಹರಿಯಾಣದವನು, ಮನೆಯಲ್ಲಿ ಎಮ್ಮೆ ಸಾಕಿದವನು. ನಮ್ಮ ಮಾತು ಅವನಿಗೆ ಬಾರದು, ಅಳು ಎಲ್ಲರಿಗೂ ಬರುತ್ತದೆ. ಕರು ಅಂಗೈಯಗಲದ ಪ್ರಾಣಿ, ಕೊಂಬಿಲ್ಲ, ಏನಾದೀತು ಎಂದು ಅವನು ಅದನ್ನು ಎತ್ತಿ ದೋಣಿಗೆ ಹಾಕಿದ. ಹುಡುಗಿ ಹತ್ತಿದಳು. ದೋಣಿ ಹೊರಟಿತು.

ನೆರೆಯಲ್ಲಿ ದನಗಳನ್ನು ಕಟ್ಟಿಹಾಕುವುದಿಲ್ಲ, ಎಲ್ಲವನ್ನೂ ಬಿಚ್ಚಿಬಿಟ್ಟಿದ್ದರು. ತಾಯಿ ಕರುವನ್ನು ಕಂಡಿತು. ಓಡಿ ಬಂದು ನೀರಿಗೆ ಬಿತ್ತು.

ನಾನು ತಿರುಗಿ ನೋಡಿದಾಗ ಅದು ದೋಣಿಯ ಹಿಂದೆ ಈಜುತ್ತಿತ್ತು. ಎಂಥ ಈಜು! ಮೂಗು ಮೇಲೆತ್ತಿ, ಕಿವಿ ಹಿಂದಕ್ಕೊತ್ತಿ, ಕರುವನ್ನೇ ನೋಡುತ್ತ. ಆದರೆ ಹೊಳೆ ಅದನ್ನು ಅಡ್ಡಕ್ಕೆ ಎಳೆಯುತ್ತಿತ್ತು. ಕೆಳಗೆ ಸೇತುವೆಯ ಕಂಬಗಳಿದ್ದವು. ನಮ್ಮ ದೋಣಿಯ ಜನರನ್ನು ಜೆಟ್ಟಿಗೆ ಇಳಿಸಿದ ಕೂಡಲೇ ನಾನು ದೋಣಿ ತಿರುಗಿಸಿದೆ. ದನದ ಹತ್ತಿರ ಹೋದೆ. ಹಗ್ಗದ ಕುಣಿಕೆ ಎಸೆದೆ, ಒಂದು ಕೊಂಬಿಗೆ ಸಿಕ್ಕಿತು, ಜಾರಿತು. ಮತ್ತೆ ಹಗ್ಗ ಸೇದಿಕೊಳ್ಳುವಷ್ಟರಲ್ಲಿ ನೀರಡಿಯ ಯಾವುದಕ್ಕೋ ಮೋಟಾರಿನ ಪಂಖ ಬಡಿದು ಅದರ ಪಿನ್ನು ಮುರಿಯಿತು. ಮೋಟಾರು ಕೂಗುತ್ತಿತ್ತು, ಪಂಖ ತಿರುಗುತ್ತಿರಲಿಲ್ಲ. ಹುಟ್ಟು ಹಾಕಿಕೊಂಡು ಪಿನ್ನು ಬದಲಿಸುವ ಹೊತ್ತಿಗೆ ದನ ಕಂಬಗಳ ನಡುವೆ ಹೋಗಿಯಾಗಿತ್ತು. ಕುರ್ವೆಯ ದಡದಲ್ಲಿ ಆ ಹೆಂಗಸು ಹುಲ್ಲಿನ ಹೊರೆ ಕೆಳಗೆ ಹಾಕಿ ನಿಂತದ್ದು ಕಾಣುತ್ತಿತ್ತು.

ಉಳಿದವರನ್ನು ಕರೆಯಲು ಮಧ್ಯಾಹ್ನ ಮತ್ತೆ ಹೋದೆವು. ಅವಳು ದಡಕ್ಕೆ ಬಂದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

“ಸಾಹೇಬ್ರೆ, ನೀವು ಹೋಗಿ. ನಮ್ಮನ್ನ ಉಳಿಸೂದು ಬ್ಯಾಡ” ಎಂದಳು. ಅವಳ ಹಿಂದೆ ಹತ್ತೂ ಮನೆಯವರು ನಿಂತಿದ್ದರು. ಅವರಲ್ಲಿ ಒಬ್ಬರೂ ದೋಣಿಗೆ ಹತ್ತಲಿಲ್ಲ.

ಹವಾಲ್ದಾರ ಆ ದಿನ ಊಟ ಮಾಡಲಿಲ್ಲ. ನಾನು ಅವನನ್ನು ಬಾಯಿಗೆ ಬಂದ ಹಾಗೆ ಬೈದೆ, ಬೈದ ಮೇಲೆ ಇನ್ನೂ ಸಿಟ್ಟು ಬಂತು, ಏಕೆಂದರೆ ಬೈಯಬೇಕಾದವರು ಕಾರು ಹತ್ತಿ ಹೋಗಿದ್ದರು. ಅವನು ಮಾಡಿದ್ದು ಏನು? ಕುರ್ವೆಯವರು ಯಾವಾಗಲೂ ಮಾಡುವುದನ್ನೇ ಮಾಡಿದ. ಕರು ಮುಂದೆ, ತಾಯಿ ಹಿಂದೆ. ಎಂಟು ಗಂಟೆಗೆ ಮಾಡಿದ್ದರೆ ಆ ದನ ಈಜಿಕೊಂಡು ಬಂದು ಈಚೆ ದಡದಲ್ಲಿ ಮೈ ಕೊಡವಿಕೊಳ್ಳುತ್ತಿತ್ತು. ಆ ತಾಸನ್ನು ನಾವು ಮಾಲೆ ಕಟ್ಟಿಸಿಕೊಳ್ಳುವುದರಲ್ಲಿ ಕಳೆದಿದ್ದೆವು.

ಸಂಜೆ ಮನೆಯಿಂದ ಹೆಂಡತಿಯ ಫೋನು. “ಟಿ.ವಿ.ಲಿ ನಿಮ್ಮನ್ನ ತೋರ್ಸಿದ್ರು! ದೋಣಿ ಹತ್ರ ನಿಂತ್ಕಂಡಿದ್ರಿ. ಕೇರಿಯವ್ರೆಲ್ಲ ನಮ್ಮನೆಗೇ ಬಂದು ನೋಡಿದ್ರು” ಎಂದಳು.

“ಆ ಟಿ.ವಿ. ಬಂದ್ ಮಾಡು” ಎಂದೆ.

“ಎಂತ ಆತು?”

ಹೇಳಿದೆ. ಅವಳೂ ದನ ಕಟ್ಟಿದ ಮನೆಯವಳೇ. “ಕರು ಎಂತ ಕುಡೀತು?” ಎಂದು ಕೇಳಿದಳು. ಕರು ಗಂಜಿ ಕೇಂದ್ರವಾಗಿದ್ದ ಶಾಲೆಯ ಜಗಲಿಯಲ್ಲಿತ್ತು. ಹವಾಲ್ದಾರ ಬಾಟಲಿಗೆ ಬಟ್ಟೆ ಸುತ್ತಿ ಹಾಲು ಕುಡಿಸುತ್ತಿದ್ದ. ಆ ಹುಡುಗಿ ಅವನ ಪಕ್ಕದಲ್ಲಿ ಕೂತಿದ್ದಳು.

ಅದೇ ಸಂಜೆ ಎರಡು ಸುದ್ದಿ ಒಟ್ಟಿಗೆ ಬಂದವು. ನಾಳೆ ಮಧ್ಯಾಹ್ನದ ಮೇಲೆ ಅಣೆಕಟ್ಟಿನಿಂದ ಇನ್ನೂ ಹೆಚ್ಚು ನೀರು ಬಿಡುತ್ತಾರೆ, ಕುರ್ವೆಯ ಎತ್ತರದ ಜಾಗವೂ ಮುಳುಗುತ್ತದೆ ಎಂಬುದು ಒಂದು. ನಾಳೆ ಒಂಬತ್ತೂವರೆಗೆ ಗಣ್ಯರು ಮತ್ತೆ ಬಂದು ಸಂತ್ರಸ್ತರನ್ನು ಜೆಟ್ಟಿಯಲ್ಲಿ ಬರಮಾಡಿಕೊಂಡು ಕಿಟ್ ಹಂಚುತ್ತಾರೆ, ಅವರು ಬರುವವರೆಗೆ ದೋಣಿಗಳು ಜೆಟ್ಟಿಯಲ್ಲೇ ಇರಲಿ ಎಂಬುದು ಇನ್ನೊಂದು. ಮರುದಿನದ ಭರತಿ ನಿಲ್ಲುವುದು ಎಂಟು ಎಂಟೂವರೆಯ ಹೊತ್ತಿಗೆ. ದನ ಬಿಟ್ಟು ಅವರು ಬರುವುದಿಲ್ಲ. ಆ ಭರತಿ ತಪ್ಪಿದರೆ ಹನ್ನೊಂದು ಮನೆಯವರು ದನದ ಜೊತೆಗೇ ಮುಳುಗುತ್ತಾರೆ. ಇದನ್ನು ಅರ್ಥ ಮಾಡಿಕೊಳ್ಳಲು ಯಾರೂ ದೊಡ್ಡ ಪರೀಕ್ಷೆ ಪಾಸು ಮಾಡಬೇಕಿರಲಿಲ್ಲ.

ನಾನು ಕ್ಯಾಪ್ಟನ್ ಸಾಹೇಬರ ಬಳಿ ಹೋದೆ. ನಾಳೆ ನಾನು ಕಾಯುವುದಿಲ್ಲ ಎಂದೆ. ಸೈನ್ಯದಲ್ಲಿ ಇಷ್ಟು ವರ್ಷ ಇದ್ದು ಹಾಗೆ ಮಾತಾಡಿದ್ದು ಅದೊಂದೇ ಸಲ.

ಅಧಿಕಾರಿಗಳು ನಮ್ಮಂಥ ಸುಬೇದಾರರನ್ನು ಸಾಬ್ ಎನ್ನುವುದು ಸೈನ್ಯದ ರೂಢಿ. ಅವರು ಹಿಂದಿಯಲ್ಲೇ ಕೇಳಿದರು: “ಸಾಬ್, ಅವರನ್ನು ಎತ್ತಿಕೊಂಡು ಬಂದರೆ? ಬಲವಂತವಾಗಿ?”

“ಹನ್ನೊಂದು ಮನೆಯ ಹೆಂಗಸರನ್ನು ನಮ್ಮ ಹುಡುಗರು ತೋಳು ಹಿಡಿದು ಎಳೆಯಬೇಕಾ ಸರ್? ದೋಣಿಯಲ್ಲಿ ಒಬ್ಬರು ಕೊಸರಾಡಿದರೂ ಮಗುಚುತ್ತದೆ.”

“ಪ್ರಾಣಿ ಹತ್ತಿಸುವಂತಿಲ್ಲ ಅಂತ ಆಜ್ಞೆ ಇದೆಯಲ್ಲ.”

“ನಮ್ಮ ದೋಣಿಗೆ ಒಂದು ಪ್ರಾಣಿಯೂ ಹತ್ತುವುದಿಲ್ಲ. ಕರುಗಳು ಅವರ ಪಾತಿಯಲ್ಲಿ, ದನಗಳು ನೀರಿನಲ್ಲಿ. ನಮ್ಮ ದೋಣಿಗಳು ಕೆಳಗಡೆ ಅಡ್ಡಲಾಗಿ ನಿಲ್ಲುತ್ತವೆ. ತೇಲಿಹೋಗುವುದನ್ನು ತಡೆಯುವುದಷ್ಟೇ ನಮ್ಮ ಕೆಲಸ.”

ಅವರು ಹೊಳೆಯ ನಕ್ಷೆಯನ್ನು ತಿರುಗಿಸಿ ನೋಡಿದರು. ಎಲ್ಲಿ ಇಳಿಸುತ್ತೀರಿ ಎಂದರು. ಜೆಟ್ಟಿಯ ಕಾಂಕ್ರೀಟು ಗೋಡೆಯನ್ನು ದನ ಹತ್ತಲಾರದು, ಅದಕ್ಕಿಂತ ಮೇಲೆ ಇಳಿಜಾರಾದ ಗದ್ದೆಯಿದೆ, ಅಲ್ಲಿ ಎಂದೆ. ಪಂಖಕ್ಕೆ ದನದ ಕಾಲು ಸಿಕ್ಕಿದರೆ ಎಂದರು. ದನ ಹತ್ತಿರ ಬಂದ ಕೂಡಲೇ ಮೋಟಾರು ಎತ್ತಿ ಹುಟ್ಟು ಹಾಕುತ್ತೇವೆ ಎಂದೆ. ಅಷ್ಟೂ ಕೇಳಿ ಅವರು ಕೊನೆಗೆ ಕೇಳಿದ್ದು, “ದೋಣಿ ಎಲ್ಲಿ ಅಂತ ಕೇಳಿದರೆ ನಾನು ಏನು ಹೇಳಲಿ?”

“ಮೋಟಾರು ಪರೀಕ್ಷೆಗೆ ಹೋಗಿವೆ ಅನ್ನಿ ಸರ್.”

“ಸುಳ್ಳು ಯಾಕೆ ಸಾಬ್? ಕೆಲಸಕ್ಕೆ ಹೋಗಿವೆ ಅಂತಲೇ ಹೇಳುತ್ತೇನೆ” ಎಂದರು. ಅವರಿಗೆ ವಯಸ್ಸು ನನ್ನ ಅರ್ಧದಷ್ಟು. ಮುಂದಿನ ಬಡ್ತಿ, ಮೇಲಿನವರ ಮುನಿಸು ಎಲ್ಲ ಅವರ ತಲೆಯ ಮೇಲೆಯೇ ಬೀಳುವಂಥದ್ದು. ಆ ಒಂದು ಮಾತಿಗೆ ಇವತ್ತಿಗೂ ನಾನು ಅವರಿಗೆ ಸೆಲ್ಯೂಟ್ ಹೊಡೆಯುತ್ತೇನೆ.

ಬೆಳಿಗ್ಗೆ ಭರತಿ ಇನ್ನೂ ಏರುತ್ತಿರುವಾಗಲೇ ಕುರ್ವೆಯ ದಡ ಮುಟ್ಟಿದೆವು. ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು. ಮನೆಗಳೊಳಗೆ ನೀರು ಹೊಕ್ಕಿತ್ತು. ಜನ, ದನ ಎಲ್ಲ ಒಂದೇ ದಿಬ್ಬದ ಮೇಲೆ. ಆ ಹೆಂಗಸು ಕೋಲು ಹಿಡಿದುಕೊಂಡು ನೀರಿನವರೆಗೂ ಇಳಿದು ಬಂದಳು.

“ಹೋಗಿ ಹೇಳಿದ್ನಲ್ಲ ಸಾಹೇಬ್ರೆ. ಇಳೂದು ಬ್ಯಾಡ.”

“ಇಳಿಯೂದಿಲ್ಲ ಅಕ್ಕಾ. ನೀರು ನಿಲ್ಲೂಕೆ ಬಂತು. ಇವತ್ತು ಯಜಮಾನಿಕೆ ನಿಮ್ದು. ನೀವು ಹೇಳಿದ ಹಂಗೆ ನಾವು” ಎಂದೆ.

ಅವಳು ನನ್ನ ಕಡೆ ನೋಡಲಿಲ್ಲ, ಹಿಂದಿದ್ದ ಹವಾಲ್ದಾರನನ್ನು ನೋಡುತ್ತಿದ್ದಳು. ಅವನು ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ಕೂತಿದ್ದ.

“ಇಂವನೇ ಅಲ್ದಾ ಕರು ಹೊತ್ಕಂಡು ಹೋದಂವ?”

“ಹೌದು.”

“ಅವ್ನ ಮನೆಲಿ ದನ ಇಲ್ವಾ, ಕೇಳಿ.”

ಕೇಳಿದೆ. ನಾಲ್ಕು ಎಮ್ಮೆ ಇವೆ ಎಂದ.

“ಎಮ್ಮೆ ಕಟ್ದಂವಂಗೆ ತಾಯಿ ಹಿಂದೆ ಬತ್ತದೆ ಅಂಬೂದು ಗುತ್ತಿಲ್ವಾ?”

ನಾನು ಅದನ್ನು ಅವನಿಗೆ ಹೇಳಿದೆ. ಅವನು, “ಗೊತ್ತು. ನಮ್ಮೂರಲ್ಲಿ ಇಂಥ ನೀರಿಲ್ಲ, ಅದು ಗೊತ್ತಿರಲಿಲ್ಲ” ಎಂದ. ಅವಳಿಗೆ ಹಿಂದಿ ಎಷ್ಟು ತಿಳಿಯಿತೋ ನನಗೆ ಗೊತ್ತಿಲ್ಲ. ಕೋಲನ್ನು ಕಂಕುಳಿಗೆ ಸಿಕ್ಕಿಸಿ, “ಪಾತಿ ತನ್ರೇ” ಎಂದು ಹಿಂದಕ್ಕೆ ಕೂಗಿದಳು.

ಆಮೇಲಿನದೆಲ್ಲ ಅವರದೇ ಕೆಲಸ. ಮೂರು ಪಾತಿಗಳಲ್ಲಿ ಐದು ಕರು, ಕಾಲು ಕಟ್ಟಿ, ತಲೆ ಹಿಂದಕ್ಕೆ ಕಾಣುವ ಹಾಗೆ ಮಲಗಿಸಿದರು. ಕರು ಕೂಗಬೇಕು, ಇಲ್ಲದಿದ್ದರೆ ತಾಯಿ ಬೆದರಿ ತಿರುಗುತ್ತದೆ. ಹೆಂಗಸರು ಕರುಗಳ ಕಿವಿ ಹಿಂಡಿ ಕೂಗಿಸುತ್ತಿದ್ದರು. ಭರತಿ ನಿಂತಿತು. ಮೊದಲ ಪಾತಿ ಹೊರಟಿತು, ಒಂದು ಕಪ್ಪು ದನ ನೀರಿಗಿಳಿಯಿತು, ಅದರ ಹಿಂದೆ ಉಳಿದವು ಒಂದೊಂದಾಗಿ. ಕರುವಿಲ್ಲದ ದನಗಳನ್ನು ದಿಬ್ಬದಿಂದ ಅಟ್ಟಿಕೊಟ್ಟರು. ನಮ್ಮ ಎರಡು ದೋಣಿ ಕೆಳಗಡೆ ಅಡ್ಡ ನಿಂತವು, ಮೂರನೆಯದರಲ್ಲಿ ಜನರನ್ನು ಕೂರಿಸಿ ಸಾಗಿಸತೊಡಗಿದೆವು.

ಅರ್ಧ ಹೊಳೆಯಲ್ಲಿ ಒಂದು ದನ ದಾರಿ ತಪ್ಪಿತು. ಆ ಹೆಂಗಸಿನ ಉಳಿದ ದನವೇ. ಹಿಂಬಾಲಿಸಲು ಅದಕ್ಕೆ ಕರುವಿರಲಿಲ್ಲ, ಜೊತೆಯ ದನವೂ ಇರಲಿಲ್ಲ. ಸುತ್ತು ಹಾಕಿ ಕುರ್ವೆಯತ್ತಲೇ ತಿರುಗಿತು. ನೀರು ಆಗಲೇ ಒಂದಿಷ್ಟು ಕಡಲಿನತ್ತ ವಾಲತೊಡಗಿತ್ತು. ನಾನು ಮೋಟಾರು ಎತ್ತಿಸಿದೆ, ಹುಟ್ಟಿನಲ್ಲೇ ಹತ್ತಿರ ಹೋದೆವು. ಹವಾಲ್ದಾರ ಹೊಟ್ಟೆಯ ಮೇಲೆ ಮಲಗಿ ಎರಡೂ ಕೈಯಿಂದ ಅದರ ಗಂಟಲ ಕೆಳಗೆ ಹಿಡಿದು ಮೂಗನ್ನು ನೀರಿನ ಮೇಲೆ ಎತ್ತಿದ. ಇನ್ನಿಬ್ಬರು ಅವನ ಕಾಲು ಹಿಡಿದರು. ಉಳಿದವರು ಹುಟ್ಟು ಹಾಕಿದರು. ದನದ ಕೊಂಬು ರಬ್ಬರಿಗೆ ಉಜ್ಜುತ್ತಿತ್ತು. ಹರಿದರೆ ಹರಿಯಲಿ ಎನಿಸಿಬಿಟ್ಟಿತ್ತು ನನಗೆ. ಗದ್ದೆಯ ಕೆಸರು ಅದರ ಕಾಲಿಗೆ ಸಿಕ್ಕಿದಾಗ ಹವಾಲ್ದಾರನ ತೋಳಿನ ಚರ್ಮ ಕಿತ್ತುಹೋಗಿತ್ತು. ಎಲ್ಲ ದನ ಬಂದವು. ಎಲ್ಲ ಜನ ಬಂದರು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ.

ಜನ ಜೆಟ್ಟಿಯ ಪಕ್ಕದ ಶೆಡ್ಡಿನಲ್ಲಿ ಒದ್ದೆ ಬಟ್ಟೆಯಲ್ಲೇ ಕುಕ್ಕರುಗಾಲಿನಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಹುಡುಗಿ ಶಾಲೆಯಿಂದ ಕರುವನ್ನು ಹಗ್ಗ ಹಿಡಿದು ತಂದು ಅಜ್ಜಿಯ ಹತ್ತಿರ ನಿಲ್ಲಿಸಿದ್ದಳು. ಬಿಳಿ ಅಂಗಿಯ ಒಬ್ಬ ಮನುಷ್ಯ ಪ್ಯಾಂಟು ಮಡಚಿಕೊಂಡು ಓಡೋಡಿ ಬಂದ. ಸಮಾರಂಭದ ಉಸ್ತುವಾರಿ ಅವನದು. ನಮ್ಮನ್ನು, ಖಾಲಿ ದೋಣಿಗಳನ್ನು, ಜನರನ್ನು ನೋಡಿ ಅವನ ಮುಖ ಇಳಿಯಿತು.

“ಎಂತ ಸುಬೇದಾರ್ರೇ, ಎಲ್ಲ ಮುಗ್ಸಿಬಿಟ್ರಾ? ಅವ್ರು ಇನ್ನು ಹತ್ತು ನಿಮಿಷದಲ್ಲಿ ಬತ್ರು. ಒಂದು ಕೆಲ್ಸ ಮಾಡಿ. ಇವ್ರನ್ನೆಲ್ಲ ಇನ್ನೊಂದ್ಸಲ ದೋಣಿಗೆ ಹತ್ಸಿ. ಒಂದು ಸಣ್ಣ ಸುತ್ತು ಹಾಕಿ ಜೆಟ್ಟಿಗೆ ಇಳಿಸೂದು. ಅಷ್ಟೇ.”

ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಅದಕ್ಕಿಂತ ಹೆಚ್ಚು ಉರಿದದ್ದು ಆಮೇಲೆ ಕಂಡದ್ದಕ್ಕೆ. ಜನ ಎದ್ದರು. ಚಹಾದ ಲೋಟ ಕೆಳಗಿಟ್ಟು, ಏನೂ ಕೇಳದೆ, ದೋಣಿಯತ್ತ ನಡೆಯತೊಡಗಿದರು. ಹೇಳಿದವನು ಬಿಳಿ ಅಂಗಿಯವನು, ಕಿಟ್ ಕೊಡುವವನು, ಆದ್ದರಿಂದ ಎದ್ದರು. ಇಡೀ ರಾತ್ರಿ ಮಳೆಯಲ್ಲಿ ನಿಂತು ದಣಿದವರನ್ನು ಹೀಗೆ ಏಳಿಸಬಹುದು ಎಂದು ಅವನಿಗೆ ಗೊತ್ತಿತ್ತು.

ಅವನು ಆ ಹೆಂಗಸನ್ನು ತಡೆದು, “ನೀವು ಈ ಕರು ಎತ್ಕಂಡು ಇಳೀರಿ ಅಮ್ಮ, ಚಂದ ಕಾಣ್ತದೆ” ಎಂದ.

“ಇದು ನನ್ನ ಸಂಗಡ ಬಂದದ್ದಲ್ಲ” ಎಂದಳು ಅವಳು. “ನಿನ್ನೆಯೇ ಬಂದದ್ದು.”

“ಯಾವತ್ತು ಬಂದ್ರೆ ಎಂತ, ಕ್ಯಾಮೆರಾಕ್ಕೆ ಗೊತ್ತಾಗ್ತದಾ?”

ನಾನು ಹವಾಲ್ದಾರನ ಕಡೆ ತಿರುಗಿದೆ. “ಗಾಳಿ ಬಿಡಿ” ಎಂದೆ. ಅವನಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. ಮೂರೂ ದೋಣಿಗಳ ಬಿರಡೆ ತಿರುಚಿದರು. ಬುಸ್ ಎಂದು ಗಾಳಿ ಹೊರಟು ರಬ್ಬರು ಜೆಟ್ಟಿಯ ಮೇಲೆ ಮುದುರಿ ಮಲಗಿತು. ಬಿಳಿ ಅಂಗಿಯವನು ಕ್ಯಾಪ್ಟನ್ ಸಾಹೇಬರ ಹತ್ತಿರ ಓಡಿದ. ಅವರು, ಕೆಲಸ ಮುಗಿದ ಮೇಲೆ ದೋಣಿ ತೊಳೆದು ಮಡಚುವುದು ನಮ್ಮ ಪದ್ಧತಿ ಎಂದರು. ಅದು ನಿಜವೇ. ಜನ ಮತ್ತೆ ಹೋಗಿ ಕೂತು ಲೋಟ ಎತ್ತಿಕೊಂಡರು.

ಅಷ್ಟರಲ್ಲಿ ಕಾರುಗಳು ಬಂದವು. ಗಣ್ಯರು ಇಳಿದು, ಕ್ಯಾಮೆರಾಗಳನ್ನು ಹಿಂದೆ ಕಟ್ಟಿಕೊಂಡು, ಕರು ಕಂಡದ್ದಕ್ಕೋ ಏನೋ, ನೇರ ಆ ಹೆಂಗಸಿನ ಬಳಿಗೇ ಹೋದರು. ಕೈ ಮುಗಿದರು. “ಏನಮ್ಮಾ, ಸೈನಿಕರು ಚೆನ್ನಾಗಿ ನೋಡ್ಕೊಂಡ್ರಾ?” ಎಂದರು.

ಅವಳು ಕೂತಲ್ಲಿಂದ ಏಳಲಿಲ್ಲ. ಸಿಟ್ಟಿನ ದನಿಯೂ ಅಲ್ಲ. ಡೇರಿಯಲ್ಲಿ ಎಷ್ಟು ಲೀಟರು ಎಂದು ಕೇಳಿದರೆ ಹೇಳುವ ಹಾಗೆ ಹೇಳಿದಳು.

“ನಿನ್ನೆ ನಿಮ್ಮನ್ನ ಕಾದ್ರು, ಈ ಕರೂನ ತಾಯಿ ಹೋತು. ಇವತ್ತು ಕಾಯ್ಲಿಲ್ಲ, ನಂದೊಂದು ದನ ಉಳೀತು.”

ಗಣ್ಯರ ನಗು ಹಾಗೇ ನಿಂತಿತು. ಕನ್ನಡ ಬಾರದ ಕ್ಯಾಪ್ಟನ್ ಸಾಹೇಬರು, ಅವಳು ಏನೆಂದಳು ಎಂದು ನನ್ನನ್ನು ಕೇಳಿದರು. ಕಿವಿಯಲ್ಲಿ ಹೇಳಬಹುದಿತ್ತು. ನಾನು ಒಂದು ಶಬ್ದವನ್ನೂ ಬಿಡದೆ, ಕವಾಯತಿನಲ್ಲಿ ಕೂಗುವ ದನಿಯಲ್ಲಿ, ಜೆಟ್ಟಿಯ ಆ ತುದಿಯವರಿಗೂ ಕೇಳಿಸುವ ಹಾಗೆ ಹಿಂದಿಯಲ್ಲಿ ಹೇಳಿದೆ.